ಹೊಸ ಸಾಧನಗಳ ನಿರ್ಮಾಣವೂ ಪೇಟೆಂಟೆಂಬ ತೆರೆದೋಲೆಯೂ

‘ಪೇಟೆಂಟು’ ಎಂಬ ಮಾತು ಈಗ ನಮ್ಮ ಮನೆಗಳಲ್ಲಿ ಅಪರಿಚಿತವಲ್ಲ. ಪಾಠಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ ಬಾಲಕನೊಬ್ಬನು ಪುಟ್ಟದೊಂದು ಯಂತ್ರವನ್ನು ಜೋಡಿಸಿದರೆ, ನೋಡಿದವರು ಒಡನೆಯೇ “ಇದಕ್ಕೆ ಪೇಟೆಂಟು ಮಾಡಿಸಪ್ಪಾ” ಎನ್ನುತ್ತಾರೆ. ಗೃಹಿಣಿಯೊಬ್ಬಳು ಕಾಯಿ ತುರಿಯುವ ಮಣೆಗೆ ಹೊಸದೊಂದು ಅನುಕೂಲವನ್ನು ಕಲ್ಪಿಸಿಕೊಂಡರೆ, “ಯಾರಿಗೂ ತೋರಿಸಬೇಡಮ್ಮಾ, ಕದ್ದುಬಿಟ್ಟಾರು” ಎಂದು ನೆಂಟರು ಎಚ್ಚರಿಸುತ್ತಾರೆ. ಈ ಎರಡು ಮಾತುಗಳಲ್ಲಿಯೂ ಸ್ವಲ್ಪ ಸತ್ಯವುಂಟು. ಆದರೆ ಪೇಟೆಂಟು ಮಾಡಿಸುವುದೆಂದರೇನು, ಎಲ್ಲಿಯವರೆಗೆ ತೋರಿಸಬಾರದು, ತೋರಿಸಲೇಬೇಕಾದ ಕಾಲ ಯಾವುದು ಎಂಬುದನ್ನು ಬಲ್ಲವರು ವಿರಳ. ಈ ಅಜ್ಞಾನದಿಂದಾಗುವ ಹಾನಿಯಾದರೋ ಅಲ್ಪವಲ್ಲ. ವರ್ಷಗಟ್ಟಲೆಯ ಶ್ರಮವು ಒಂದು ದಿನದ ಮಾತಿನಿಂದ ಹಕ್ಕಿಲ್ಲದ ಸೊತ್ತಾಗಬಹುದು. ಇಲ್ಲವೆ ಗುಟ್ಟಿನ ಪೆಟ್ಟಿಗೆಯಲ್ಲಿಯೇ ಉಳಿದು ಕಂಡುಹಿಡಿದವನೊಡನೆ ಮಣ್ಣುಗೂಡಬಹುದು. ಆದಕಾರಣ ಈ ವಿಷಯವನ್ನು ಗೃಹಸ್ಥರಿಗೆ ತಿಳಿಯುವಂತೆ ಮೊದಲಿನಿಂದ ನಿರೂಪಿಸುವುದು ಉಚಿತವೆಂದು ತೋರುತ್ತದೆ.

ಮೊದಲು ಶಬ್ದಾರ್ಥವನ್ನು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ‘ತೆರೆದಿರು’ ಎಂಬರ್ಥದ ಒಂದು ಧಾತುವುಂಟು. ಅದರಿಂದ ಹುಟ್ಟಿದ ಶಬ್ದವೇ ಪೇಟೆಂಟು. ಹಿಂದೆ ಯೂರೋಪಿನ ಅರಸರು ಎರಡು ಬಗೆಯ ಪತ್ರಗಳನ್ನು ಹೊರಡಿಸುತ್ತಿದ್ದರು. ಒಬ್ಬನೇ ಓದತಕ್ಕ ಪತ್ರವನ್ನು ಮಡಿಸಿ ಮುದ್ರೆಯೊತ್ತಿ ಮುಚ್ಚುತ್ತಿದ್ದರು. ಸರ್ವರೂ ಓದತಕ್ಕ ಪತ್ರಕ್ಕೆ ಮುದ್ರೆಯನ್ನು ಕೆಳಗೆ ತೂಗಬಿಟ್ಟು ತೆರೆದೇ ಕೊಡುತ್ತಿದ್ದರು. ಎರಡನೆಯದೇ ಪೇಟೆಂಟು, ಎಂದರೆ ತೆರೆದೋಲೆ. ಲೋಕದಲ್ಲಿ ಬೀಗಮುದ್ರೆಯೆಂದು ಭಾವಿಸಲ್ಪಡುವ ಈ ಪದವು ನಿಜವಾಗಿ ಅದಕ್ಕೆ ವಿರುದ್ಧವಾದ ಅರ್ಥವುಳ್ಳದ್ದು. ನಮ್ಮ ದೇಗುಲಗಳ ಅಂಗಳದಲ್ಲಿ ನಿಂತಿರುವ ದಾನಶಾಸನಗಳನ್ನು ನೆನೆದರೆ ಇದರ ಮರ್ಮವು ಸುಲಭವಾಗಿ ತಿಳಿಯುತ್ತದೆ. ಇಂಥವನಿಗೆ ಇಂಥ ಭೂಮಿಯು ದತ್ತವಾಯಿತು, ಅದಕ್ಕೆ ಮೂಡಲು ಕೆರೆ, ತೆಂಕಲು ನಟ್ಟ ಕಲ್ಲು ಎಂದು ಚತುಸ್ಸೀಮೆಯನ್ನು ಕಲ್ಲಿನಲ್ಲಿ ಕೊರೆದು ಊರವರೆಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸಿದ್ದಾರೆ. ಹಕ್ಕು ಒಬ್ಬನದು, ಓದುವ ಅಧಿಕಾರ ಎಲ್ಲರದು. ಪೇಟೆಂಟಿನ ಸ್ವರೂಪವೂ ಇದೇ. ಕಂಡುಹಿಡಿದವನು ತನ್ನ ವಿದ್ಯೆಯನ್ನು ಸಂಪೂರ್ಣವಾಗಿ ಬರೆದು ಲೋಕಕ್ಕೆ ಒಪ್ಪಿಸತಕ್ಕದ್ದು. ಪ್ರತಿಯಾಗಿ ರಾಜ್ಯವು ನಿಯತವಾದ ಕೆಲವು ವರ್ಷಗಳವರೆಗೆ, ಅವನ ಅನುಮತಿಯಿಲ್ಲದೆ ಅನ್ಯರು ಆ ವಸ್ತುವನ್ನು ಮಾಡದಂತೆಯೂ ಮಾರದಂತೆಯೂ ತಡೆಯುವ ಹಕ್ಕನ್ನು ಅವನಿಗೆ ಕೊಡತಕ್ಕದ್ದು. ಅವಧಿ ಮುಗಿದ ಬಳಿಕ ಆ ವಿದ್ಯೆಯು ಸರ್ವರ ಸೊತ್ತು.

ಈ ಒಪ್ಪಂದವು ಹಳೆಯದು. 1474ರಲ್ಲಿ ವೆನಿಸ್ ನಗರರಾಜ್ಯವು ಇದಕ್ಕಾಗಿ ಒಂದು ಶಾಸನವನ್ನು ಮಾಡಿತು. 1624ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು, ಅರಸನು ತನಗೆ ಬೇಕಾದವರಿಗೆಲ್ಲ ಏಕಸ್ವಾಮ್ಯವನ್ನು ಹಂಚುವ ಪದ್ಧತಿಯನ್ನು ನಿಲ್ಲಿಸಿ, ಹೊಸ ನಿರ್ಮಾಣಗಳಿಗೆ ಮಾತ್ರ 14 ವರ್ಷಗಳ ಹಕ್ಕನ್ನು ಉಳಿಸಿತು. ಭಾರತದಲ್ಲಿ ಇಂಥ ಮೊದಲ ಕಾನೂನು ಹುಟ್ಟಿದ್ದು 1856ರಲ್ಲಿ. ಆ ವರ್ಷದ ಮಾರ್ಚ್ 3ರಂದು ಜಾರ್ಜ್ ಆಲ್ಫ್ರೆಡ್ ಡಿಪೆನಿಂಗ್ ಎಂಬಾತನು ಕಲ್ಕತ್ತೆಯಲ್ಲಿ ಸಲ್ಲಿಸಿದ ಮೊದಲ ಅರ್ಜಿಯು ಯಾವುದಕ್ಕೆಂದು ವಾಚಕರು ಊಹಿಸಬಲ್ಲರೆ? ಪಂಖಾ ಎಳೆಯುವ ಯಂತ್ರಕ್ಕೆ! ಆಳುಗಳು ಹಗಲಿರುಳು ಹಗ್ಗವನ್ನು ಜಗ್ಗುತ್ತಿದ್ದ ಕಾಲದಲ್ಲಿ, ಕಣ್ಣೆದುರಿಗಿದ್ದ ಆ ಶ್ರಮವನ್ನು ಒಬ್ಬನು ‘ಕಂಡನು’. ಅಲ್ಲಿಂದ ಮುಂದೆ 1859ರ, 1911ರ ಕಾನೂನುಗಳು ಬಂದುವು. ಈಗ ನಡೆಯುತ್ತಿರುವುದು 1970ರ ಪೇಟೆಂಟು ಅಧಿನಿಯಮ. ಅದು 1972ರ ಏಪ್ರಿಲ್ 20ರಿಂದ ಜಾರಿಗೆ ಬಂದು, ಮುಂದೆ 1999, 2002 ಮತ್ತು 2005ರಲ್ಲಿ ತಿದ್ದುಪಡಿಗೊಂಡಿತು. ಅದರಂತೆ ಹಕ್ಕಿನ ಅವಧಿಯು ಅರ್ಜಿಯನ್ನು ಸಲ್ಲಿಸಿದ ದಿನದಿಂದ 20 ವರ್ಷ.

ಹೊಸದನ್ನು ಕಂಡುಹಿಡಿಯುವುದು ಕಲಿತು ಬರುವ ವಿದ್ಯೆಯೇ, ಜನ್ಮಾಂತರದ ಸಂಸ್ಕಾರವೇ ಎಂದು ಕೆಲವರು ಕೇಳುತ್ತಾರೆ. ಪ್ರತಿಭೆಯು ಎಲ್ಲರಿಗೂ ಸಮನಾಗಿರದು, ನಿಜ. ಆದರೆ ವ್ಯುತ್ಪತ್ತಿಯೂ ಅಭ್ಯಾಸವೂ ಸೇರದೆ ಪ್ರತಿಭೆಯು ಕಾವ್ಯದಲ್ಲಿಯೂ ಫಲಿಸದೆಂದು ನಮ್ಮ ಆಲಂಕಾರಿಕರು ಒಪ್ಪಿದ್ದಾರಷ್ಟೆ. ಯಂತ್ರದಲ್ಲಿಯೂ ಹಾಗೆಯೇ. ಆದಿಕವಿ ಪಂಪನ ಹೆಸರಿನೊಡನೆ ಸೇರಿರುವ ಧಾರವಾಡ ಜಿಲ್ಲೆಯ ಅಣ್ಣಿಗೇರಿಯಲ್ಲಿ, ಅಬ್ದುಲ್ ಖಾದರ್ ನಡಕಟ್ಟಿನ ಎಂಬ ಕೃಷಿಕರು ಹುಣಿಸೆಹಣ್ಣಿನ ಬೀಜವನ್ನು ಬೇರ್ಪಡಿಸುವ ಸಾಧನವನ್ನೂ, ಬೀಜ ಗೊಬ್ಬರಗಳನ್ನು ಒಟ್ಟಿಗೆ ಬಿತ್ತುವ ಕೂರಿಗೆಯನ್ನೂ, ಇನ್ನೂ ಹಲವು ಉಪಕರಣಗಳನ್ನೂ ನಿರ್ಮಿಸಿ 2022ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಬೆಳಗಿನ ಜಾವ ಎಚ್ಚರವಾಗದ ತೊಂದರೆಗೆ ಅವರು ಗಡಿಯಾರದ ಕೀಲಿಗೆ ದಾರ ಕಟ್ಟಿ, ಕೀಲಿ ಬಿಚ್ಚಿಕೊಂಡಂತೆ ನೀರಿನ ಸೀಸೆಯು ಮುಖದ ಮೇಲೆ ವಾಲುವಂತೆ ಮಾಡಿಕೊಂಡಿದ್ದರೆಂದು ಅವರ ವೃತ್ತಾಂತದಲ್ಲಿ ಬಂದಿದೆ. ಕೇಳಲು ವಿನೋದವಾಗಿರುವ ಈ ಸಂಗತಿಯಲ್ಲಿಯೇ ವಿದ್ಯೆಯ ಮೊದಲ ಪಾಠವಿದೆ. ನಾವೆಲ್ಲರೂ ‘ಇದು ಹೀಗೆಯೇ’ ಎಂದು ಸಹಿಸಿಕೊಂಡುಬಿಡುವ ತೊಂದರೆಯನ್ನು ಅವರು ‘ಇದು ಹೀಗೇಕೆ’ ಎಂದು ಕೇಳಿದರು. ಹುಣಿಸೆಯ ಹಣ್ಣನ್ನು ಕುಟ್ಟಿ ಬೀಜ ತೆಗೆಯುವ ಹೆಂಗಸರ ಕೈನೋವು ಎಷ್ಟು ಮಂದಿಯ ಕಣ್ಣಿಗೆ ಬಿದ್ದಿಲ್ಲ? ಬಿದ್ದರೂ ಪ್ರಶ್ನೆಯಾಗಲಿಲ್ಲ, ಅಷ್ಟೆ.

ಎರಡನೆಯ ಪಾಠಕ್ಕೆ ಹೊಲಿಗೆಯ ಯಂತ್ರಕ್ಕಿಂತ ಉತ್ತಮವಾದ ದೃಷ್ಟಾಂತವಿಲ್ಲ. ಅದು ಅನೇಕರ ಮನೆಯಲ್ಲಿಯೇ ಇರುವುದರಿಂದ ವಾಚಕರು ಎದ್ದು ಹೋಗಿ ನೋಡಿಕೊಳ್ಳಲೂಬಹುದು. ಕೈಸೂಜಿಯಲ್ಲಿ ದಾರದ ಕಣ್ಣು ಹಿಂಬದಿಯಲ್ಲಿರುತ್ತದೆ; ಸೂಜಿಯು ಪೂರ್ತಿಯಾಗಿ ಬಟ್ಟೆಯನ್ನು ದಾಟಿ ಮತ್ತೆ ಹಿಂತಿರುಗಬೇಕು. ಹೊಲಿಗೆಗೆ ಯಂತ್ರವನ್ನು ಕಲ್ಪಿಸಹೊರಟ ಹಲವರು ಮನುಷ್ಯನ ಕೈಯನ್ನೇ ಅನುಕರಿಸಲೆತ್ನಿಸಿ ಸೋತರು. ಯಂತ್ರದ ಸೂಜಿಯಲ್ಲಾದರೋ ಕಣ್ಣು ಮೊನೆಯ ಬಳಿಯಲ್ಲಿದೆ. ಸೂಜಿಯು ಬಟ್ಟೆಯನ್ನು ಪೂರ್ತಿಯಾಗಿ ದಾಟುವುದಿಲ್ಲ. ಮೊನೆಯಷ್ಟನ್ನೇ ಇಳಿಸಿ ದಾರದ ಒಂದು ಕುಣಿಕೆಯನ್ನು ಅತ್ತ ಬಿಡುತ್ತದೆ. ಆ ಕುಣಿಕೆಯೊಳಗೆ ಎರಡನೆಯ ದಾರವು ಲಾಳಿಯ ಮೂಲಕ ನುಸುಳಿ, ಎರಡೂ ಬಟ್ಟೆಯ ನಡುವೆ ಒಂದನ್ನೊಂದು ಬಿಗಿದುಕೊಳ್ಳುತ್ತವೆ. ಇದನ್ನು ಕಂಡುಹಿಡಿದವರು ‘ಕೈ ಹೇಗೆ ಹೊಲಿಯುತ್ತದೆ’ ಎಂಬ ಪ್ರಶ್ನೆಯನ್ನು ಬಿಟ್ಟು, ‘ಎರಡು ಬಟ್ಟೆಗಳು ಕೂಡಿ ನಿಲ್ಲುವುದಕ್ಕೆ ಏನಾಗಬೇಕು’ ಎಂದು ಕೇಳಿಕೊಂಡರು. ಸಾಧ್ಯ ಬೇರೆ, ಸಾಧನ ಬೇರೆ. ರೂಢಿಯ ಸಾಧನವನ್ನೇ ಸಾಧ್ಯವೆಂದು ಭ್ರಮಿಸುವವನು ಹೊಸದನ್ನು ಕಾಣಲಾರನು. ಇದೇ ಎರಡನೆಯ ಪಾಠ.

ಈ ಯಂತ್ರದ ಕಥೆಯಲ್ಲಿ ಇಬ್ಬರು ಅಮೇರಿಕನರಿದ್ದಾರೆ; ಇಬ್ಬರ ಗತಿಯೂ ವಿಚಾರಾರ್ಹವಾದುದು. ಮೊದಲನೆಯವನು ನ್ಯೂಯಾರ್ಕಿನ ವಾಲ್ಟರ್ ಹಂಟ್. ಈತನ ಕೈಯಲ್ಲಿ ಹೊಸ ಉಪಕರಣಗಳು ಒಂದಾದ ಮೇಲೊಂದು ಹುಟ್ಟುತ್ತಿದ್ದುವು. ಹುಟ್ಟಿದ ಕೂಡಲೆ ಅವನ ಆಸಕ್ತಿಯೂ ಮುಗಿಯುತ್ತಿತ್ತು. 1832ರಿಂದ 1834ರ ಸುಮಾರಿಗೆ, ಮೊನೆಯಲ್ಲಿ ಕಣ್ಣುಳ್ಳ ಸೂಜಿಯನ್ನೂ ಲಾಳಿಯನ್ನೂ ಕೂಡಿಸಿದ ಹೊಲಿಗೆಯ ಯಂತ್ರವನ್ನು ಇವನು ನಿರ್ಮಿಸಿದನು. ಆದರೆ ಪೇಟೆಂಟನ್ನು ಕೋರಲಿಲ್ಲ. ಸೂಜಿಯನ್ನೇ ನಂಬಿದ ಬಡ ಹೆಂಗಸರ ಅನ್ನ ಹೋಗುವುದೆಂದು ಅವನ ಮಗಳು ಆಕ್ಷೇಪಿಸಿದಳೆಂದೂ, ಅದರಿಂದ ಆ ಯಂತ್ರವು ಮೂಲೆಗೆ ಬಿತ್ತೆಂದೂ ಹೇಳುತ್ತಾರೆ. ಇದೇ ಹಂಟನು 1849ರಲ್ಲಿ, ನಮ್ಮ ಹೆಣ್ಣುಮಕ್ಕಳು ಸೆರಗಿಗೆ ಚುಚ್ಚಿಕೊಳ್ಳುವ ಸೇಫ್ಟಿ ಪಿನ್ನನ್ನು ಒಂದು ತುಂಡು ತಂತಿಯಿಂದ ಬಗ್ಗಿಸಿ ಮಾಡಿದನು. 15 ಡಾಲರುಗಳ ಸಾಲವನ್ನು ತೀರಿಸುವುದಕ್ಕಾಗಿ ಅದರ ಸಮಸ್ತ ಹಕ್ಕನ್ನೂ 400 ಡಾಲರಿಗೆ ಮಾರಿದನು.

ಎರಡನೆಯವನು ಮ್ಯಾಸಚೂಸೆಟ್ಸಿನ ಎಲಿಯಾಸ್ ಹೋವ್. ಹಂಟನ ಯಂತ್ರಕ್ಕೆ ಹತ್ತು ವರ್ಷಗಳ ತರುವಾಯ, ಬಡತನದಲ್ಲಿ, ಸ್ನೇಹಿತನೊಬ್ಬನು ಕೊಟ್ಟ ಅನ್ನ ವಸತಿ ಹಣಗಳ ಬಲದಿಂದ, ಇವನೂ ಅಂಥದೇ ಯಂತ್ರವನ್ನು ಸಿದ್ಧಪಡಿಸಿದನು. ಬಾಸ್ಟನ್ನಿನಲ್ಲಿ ಐವರು ಚುರುಕಾದ ಹೊಲಿಗೆಗಾರ್ತಿಯರ ಎದುರಿಗೆ ಯಂತ್ರವನ್ನು ನಡೆಯಿಸಿ ಗೆದ್ದನು. 1846ರ ಸೆಪ್ಟೆಂಬರ್ 10ರಂದು ಅವನಿಗೆ ಪೇಟೆಂಟು ದೊರೆಯಿತು. ಆದರೆ ಒಂದು ಯಂತ್ರವನ್ನಾದರೂ ಕೊಳ್ಳುವವರಿಲ್ಲ! ಅದರ ಬೆಲೆಯೂ ದೊಡ್ಡದು, ದರ್ಜಿಗಳ ಹೆದರಿಕೆಯೂ ದೊಡ್ಡದು. ಇಂಗ್ಲೆಂಡಿನ ಹಕ್ಕನ್ನು ವಿಲಿಯಂ ಥಾಮಸ್ ಎಂಬ ವ್ಯಾಪಾರಿಗೆ 250 ಪೌಂಡಿಗೆ ಮಾರಿ, ಅವನ ಬಳಿಯೇ ದುಡಿಯಲು ಲಂಡನ್ನಿಗೆ ಹೋಗಿ, ಅಲ್ಲಿಯೂ ಕೆಟ್ಟು, ಯಂತ್ರವನ್ನೂ ಪೇಟೆಂಟಿನ ಪತ್ರಗಳನ್ನೂ ಒತ್ತೆಯಿಟ್ಟು 1849ರಲ್ಲಿ ಬರಿಗೈಯಲ್ಲಿ ಮರಳಿದನು. ಮನೆಯಲ್ಲಿ ಹೆಂಡತಿಯು ಕ್ಷಯರೋಗದಿಂದ ಮರಣಾವಸ್ಥೆಯಲ್ಲಿದ್ದಳು. ಅಷ್ಟರಲ್ಲಿ ಅಮೇರಿಕದಲ್ಲಿ ಅವನ ಉಪಾಯವನ್ನೊಳಗೊಂಡ ಯಂತ್ರಗಳನ್ನು ಹಲವರು ಮಾಡಿ ಮಾರತೊಡಗಿದ್ದರು. ಅವರಲ್ಲಿ ಮುಖ್ಯನಾದವನು, 1851ರಲ್ಲಿ ತನ್ನದೇ ಪೇಟೆಂಟನ್ನು ಪಡೆದ ಐಸಾಕ್ ಸಿಂಗರ್.

ಹೋವನು ಲಂಡನ್ನಿನಿಂದ ಒತ್ತೆಯ ಪತ್ರಗಳನ್ನು ಬಿಡಿಸಿ ತರಿಸಿ ವ್ಯಾಜ್ಯಕ್ಕೆ ನಿಂತನು. ಪ್ರತಿಪಕ್ಷದವರು ಹುಡುಕಿ ಹುಡುಕಿ ಹಳೆಯ ಹಂಟನನ್ನು ಮುಂದೆ ತಂದರು: “ಈ ಹೋವನು ಮೊದಲಿಗನಲ್ಲ, ಮೊದಲಿಗನು ಇಲ್ಲಿದ್ದಾನೆ!” ಹಂಟನು 1853ರಲ್ಲಿ, ಸುಮಾರು ಇಪ್ಪತ್ತು ವರ್ಷಗಳ ಮೇಲೆ, ಪೇಟೆಂಟಿಗೆ ಅರ್ಜಿಯನ್ನು ಹಾಕಿದನು. ಮೊದಲು ಕಂಡುಹಿಡಿದವನು ಹಂಟನೇ ಎಂಬುದನ್ನು ಕಚೇರಿಯು ಒಪ್ಪಿತು. ಆದರೆ ಅಷ್ಟು ಕಾಲ ಉಪೇಕ್ಷಿಸಿದವನು ತನ್ನ ಹಕ್ಕನ್ನು ತಾನೇ ತ್ಯಜಿಸಿದಂತಾಯಿತೆಂದು, ಹೋವನ ಪೇಟೆಂಟು ಸ್ಥಿರವಾಗಿ ನಿಂತಿತು. 1854ರಲ್ಲಿ ಸಿಂಗರನು ಹೋವನಿಗೆ 15,000 ಡಾಲರುಗಳನ್ನು ತೆತ್ತು ರಾಜಿಯಾದನು. 1856ರಲ್ಲಿ ಮುಖ್ಯ ತಯಾರಕರೆಲ್ಲರೂ ತಂತಮ್ಮ ಪೇಟೆಂಟುಗಳನ್ನು ಒಂದೆಡೆ ಕೂಡಿಸಿಕೊಂಡಾಗ, ಅಮೇರಿಕದಲ್ಲಿ ಮಾರಾಟವಾಗುವ ಪ್ರತಿ ಯಂತ್ರಕ್ಕೂ 5 ಡಾಲರು ಹೋವನಿಗೆ ಸಲ್ಲತಕ್ಕದ್ದೆಂದಾಯಿತು. 1867ರಲ್ಲಿ ಅವನು ಮೃತನಾಗುವ ವೇಳೆಗೆ ಸುಮಾರು ಇಪ್ಪತ್ತು ಲಕ್ಷ ಡಾಲರುಗಳನ್ನು ಗಳಿಸಿದ್ದನೆಂದು ಅಂದಾಜು. ಹಂಟನು 1859ರಲ್ಲಿಯೇ ತೀರಿಕೊಂಡಿದ್ದನು.

ಇಲ್ಲಿ ಹಂಟನು ಮೂಢನೆಂದಾಗಲಿ ಹೋವನು ಮಹಾಪುರುಷನೆಂದಾಗಲಿ ತಾತ್ಪರ್ಯವಲ್ಲ. ಕಾನೂನು ಬಹುಮಾನವೀಯುವುದು ಮೊದಲು ‘ಯೋಚಿಸಿದವನಿಗೆ’ ಅಲ್ಲ. ಯೋಚಿಸಿದ್ದನ್ನು ಲೋಕಕ್ಕೆ ‘ಒಪ್ಪಿಸಿದವನಿಗೆ’. ಹಂಟನ ಯಂತ್ರವು ಮೂಲೆಯಲ್ಲಿದ್ದಾಗ ಅದರಿಂದ ಲೋಕವು ಏನನ್ನೂ ಕಲಿಯಲಿಲ್ಲ. ಆ ಉಪಾಯವನ್ನು ಇನ್ನೊಬ್ಬನು ಮತ್ತೊಮ್ಮೆ ಹಸಿದು, ಹೆಣಗಿ ಕಂಡುಹಿಡಿಯಬೇಕಾಯಿತು. ಭಾರತದ ಈಗಿನ ಕಾನೂನಂತೂ ಇನ್ನೂ ಸ್ಪಷ್ಟ: ಒಂದೇ ವಸ್ತುವನ್ನು ಇಬ್ಬರು ಬೇರೆಬೇರೆಯಾಗಿ ಕಂಡುಹಿಡಿದಿದ್ದರೆ, ಯಾರ ಅರ್ಜಿಯು ಮೊದಲು ಕಚೇರಿಯನ್ನು ಮುಟ್ಟಿತೋ ಅವರದೇ ಮೇಲುಗೈ.

ಈಗ ನಮ್ಮ ಕಾನೂನಿನ ಲಕ್ಷಣಗಳಿಗೆ ಬರೋಣ. ಪೇಟೆಂಟಿಗೆ ಅರ್ಹವಾಗಲು ಮೂರು ಗುಣಗಳು ಬೇಕು. ಒಂದು, ಅಪೂರ್ವತೆ: ಆ ವಸ್ತುವು ಲೋಕದಲ್ಲಿ ಎಲ್ಲಿಯೂ ಹಿಂದೆ ಪ್ರಕಟವಾಗಿರಕೂಡದು. ಎರಡು, ಬುದ್ಧಿಕೌಶಲ: ಆ ಕಸುಬನ್ನು ಬಲ್ಲವನಿಗೆ ತಾನಾಗಿಯೇ ಹೊಳೆಯುವಂಥದಾಗಿರಕೂಡದು. ಮೂರು, ಉಪಯುಕ್ತತೆ: ಕೈಗಾರಿಕೆಯಲ್ಲಿ ಮಾಡಲೂ ಬಳಸಲೂ ಬರತಕ್ಕದ್ದಾಗಿರಬೇಕು. ಇವಲ್ಲದೆ ಅಧಿನಿಯಮದ ಮೂರನೆಯ ಪ್ರಕರಣವು ಪೇಟೆಂಟಿಗೆ ಸಲ್ಲದವುಗಳನ್ನು ಎಣಿಸಿ ಹೇಳಿದೆ. ಪ್ರಕೃತಿನಿಯಮಕ್ಕೆ ವಿರುದ್ಧವಾದುದು ಸಲ್ಲದು. ಆದ್ದರಿಂದ ಇಂಧನವಿಲ್ಲದೆ ಎಂದೆಂದಿಗೂ ತಿರುಗುವ ಚಕ್ರವನ್ನು ಕಟ್ಟುತ್ತೇನೆನ್ನುವವರು ಹಣವನ್ನು ಉಳಿಸಿಕೊಳ್ಳಬಹುದು. ವಿಜ್ಞಾನದ ತತ್ತ್ವವನ್ನು ಬರಿದೆ ಕಂಡುಹಿಡಿದುದು ಸಲ್ಲದು. ಬಲ್ಲ ವಸ್ತುಗಳನ್ನು, ಅವು ತಂತಮ್ಮ ಹಳೆಯ ಕೆಲಸವನ್ನೇ ಬೇರೆಬೇರೆಯಾಗಿ ಮಾಡುತ್ತಿರುವಾಗ, ಸುಮ್ಮನೆ ಒಂದೆಡೆ ಜೋಡಿಸಿದುದು ಸಲ್ಲದು: ಕೊಡೆಯ ಹಿಡಿಗೆ ದೀಪವನ್ನು ಕಟ್ಟಿದರೆ ಕೊಡೆಯು ಕೊಡೆಯೇ, ದೀಪವು ದೀಪವೇ. ಬೇಸಾಯದ ಕ್ರಮ, ಗಣಿತದ ವಿಧಾನ, ಆಟದ ನಿಯಮ, ಗ್ರಂಥ, ಪರಂಪರೆಯಿಂದ ಬಂದ ಜ್ಞಾನ ಇವೂ ಸಲ್ಲವು.

ಕಡೆಯ ವರ್ಜ್ಯದ ಬೆಲೆಯನ್ನು ನಾವು ಅರಿಶಿನದ ವ್ಯವಹಾರದಲ್ಲಿ ಕಂಡಿದ್ದೇವೆ. ಗಾಯಕ್ಕೆ ಅರಿಶಿನವನ್ನು ಹಚ್ಚುವುದಕ್ಕೆ ಅಮೇರಿಕದಲ್ಲಿ 1995ರಲ್ಲಿ ಪೇಟೆಂಟು ಕೊಡಲ್ಪಟ್ಟಿತು! ಹಿತ್ತಲ ಗಿಡ ಮದ್ದಲ್ಲವೆಂದು ನಾವು ಸುಮ್ಮನಿದ್ದಿದ್ದರೆ ಅದು ನಿಲ್ಲುತ್ತಿತ್ತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಅದನ್ನು ಪ್ರಶ್ನಿಸಿ, ಪ್ರಾಚೀನ ಸಂಸ್ಕೃತ ಗ್ರಂಥದ ಪ್ರಮಾಣವನ್ನೂ 1953ರಲ್ಲಿ ಅಚ್ಚಾಗಿದ್ದ ವೈದ್ಯಕೀಯ ಪ್ರಬಂಧವನ್ನೂ ಒಪ್ಪಿಸಿದ ಮೇಲೆ, 1997ರಲ್ಲಿ ಅದು ರದ್ದಾಯಿತು. ಅಜ್ಜಿಯರೆಲ್ಲರೂ ಬಲ್ಲ ಸಂಗತಿಯಾದರೂ ಬರೆಹದಲ್ಲಿ ಸಿಕ್ಕಿದುದರಿಂದಲೇ ಅಷ್ಟು ಸುಲಭವಾಗಿ ಸಿದ್ಧವಾಯಿತೆಂಬುದನ್ನು ಗಮನಿಸಬೇಕು. ತೆರೆದಿಟ್ಟ ವಿದ್ಯೆಯೇ ರಕ್ಷಿತವಾದ ವಿದ್ಯೆ.

ಹಾಗಾದರೆ ನೆಂಟರು ಹೇಳಿದ “ಯಾರಿಗೂ ತೋರಿಸಬೇಡ” ಎಂಬ ಮಾತು ಸುಳ್ಳೆ? ಸುಳ್ಳಲ್ಲ, ಅದಕ್ಕೊಂದು ಕಾಲವುಂಟು. ಅರ್ಜಿಯನ್ನು ಸಲ್ಲಿಸುವ ತನಕ ಮೌನ, ಸಲ್ಲಿಸುವಾಗ ಸಂಪೂರ್ಣ ಪ್ರಕಟನೆ, ಇದು ನಿಯಮ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯು ಇಲ್ಲಿ ಅಕ್ಷರಶಃ ಸತ್ಯ. ಸಂತೆಯಲ್ಲಿ ಮಾರಿದರೆ, ಪತ್ರಿಕೆಯಲ್ಲಿ ಚಿತ್ರವನ್ನು ಹಾಕಿಸಿದರೆ, ದೂರವಾಣಿಯಲ್ಲಿ ಚಿತ್ರೀಕರಿಸಿ ಊರಿಗೆಲ್ಲ ಹಂಚಿದರೆ, ಕಂಡುಹಿಡಿದವನ ಕೈಯಿಂದಲೇ ಅಪೂರ್ವತೆಯು ನಾಶವಾಗುತ್ತದೆ. ಆಮೇಲೆ ಅವನ ಅರ್ಜಿಗೆ ಅವನ ಚಿತ್ರವೇ ಅಡ್ಡವಾಗುತ್ತದೆ. ಸರ್ಕಾರವು ಗೆಜೆಟ್ಟಿನಲ್ಲಿ ಸೂಚಿಸಿದ ಪ್ರದರ್ಶನಗಳಲ್ಲಿ ತೋರಿಸಿದರೆ, ಅಥವಾ ವಿದ್ವತ್ಸಭೆಯಲ್ಲಿ ಪ್ರಬಂಧವನ್ನು ಓದಿದರೆ, 12 ತಿಂಗಳೊಳಗೆ ಅರ್ಜಿ ಹಾಕಲು ವಿನಾಯಿತಿಯುಂಟು. ಶಾಲೆಯ ಮಾಮೂಲು ಪ್ರದರ್ಶನವು ಆ ಗುಂಪಿಗೆ ಸೇರದು. ಉಪಾಧ್ಯಾಯರೂ ತಾಯಿತಂದೆಯರೂ ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು: ಮಗುವಿನ ಯಂತ್ರವು ನಿಜವಾಗಿ ಹೊಸದೆಂದು ತೋರಿದರೆ, ಮೊದಲು ಅರ್ಜಿ, ಆಮೇಲೆ ಚಪ್ಪಾಳೆ. ಮಾದರಿಯನ್ನು ಮಾಡಿಸಲು ಕಮ್ಮಾರನಿಗೋ ಲೇತಿನ ಅಂಗಡಿಯವನಿಗೋ ತೋರಿಸಲೇಬೇಕಾದರೆ, ಗೋಪ್ಯವಾಗಿಡುವೆನೆಂಬ ಮಾತನ್ನು ಕಾಗದದ ಮೇಲೆ ಬರೆಯಿಸಿಕೊಳ್ಳತಕ್ಕದ್ದು.

ಅರ್ಜಿಗೆ ಮುಂಚೆ ಇನ್ನೊಂದು ಕೆಲಸವುಂಟು. ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವನ್ನು ಹೇಳದೆ ಸಿದ್ಧಾಂತವನ್ನು ಹೇಳುವ ಪದ್ಧತಿಯಿಲ್ಲ. ಅದರಂತೆಯೇ, ತನಗಿಂತ ಹಿಂದಿನವರು ಏನೇನು ಮಾಡಿದ್ದಾರೆಂಬುದನ್ನು ಹುಡುಕದೆ ಹೊಸದೆಂದು ಹೇಳಿಕೊಳ್ಳುವುದು ವ್ಯರ್ಥ. ತೆರೆದೋಲೆಗಳೆಲ್ಲವೂ ತೆರೆದೇ ಇರುವುದರಿಂದ ಇದು ಸುಲಭ. ಭಾರತದ ಪೇಟೆಂಟು ಕಚೇರಿಯ ಜಾಲತಾಣದಲ್ಲಿ ಹಣ ಕೊಡದೆ ಹುಡುಕಬಹುದು. ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟು ಮಾಹಿತಿಯ ಕೇಂದ್ರವೊಂದುಂಟು. ಹಳ್ಳಿಯ ಕುಶಲಿಗಳಿಗೆ ನೆರವಾಗುವುದಕ್ಕಾಗಿಯೇ 2000ದಲ್ಲಿ ಸ್ಥಾಪಿತವಾದ ರಾಷ್ಟ್ರೀಯ ನವೋನ್ಮೇಷ ಪ್ರತಿಷ್ಠಾನವು ಗುಜರಾತಿನಲ್ಲಿದೆ. ಹುಡುಕುವಾಗ ತನ್ನ ವಸ್ತುವು ಆಗಲೇ ಉಂಟೆಂದು ತಿಳಿದರೆ ಕುಗ್ಗಬೇಕಾದುದಿಲ್ಲ. ಅವಧಿ ಮುಗಿದ ಪೇಟೆಂಟುಗಳು ಯಾರು ಬೇಕಾದರೂ ಬಳಸಬಹುದಾದ ಪಾಠಪುಸ್ತಕಗಳು; ಅವುಗಳ ದೋಷವನ್ನು ಕಂಡವನಿಗೆ ಮುಂದಿನ ಮೆಟ್ಟಿಲು ಅಲ್ಲಿಯೇ ದೊರೆಯುತ್ತದೆ.

ಅರ್ಜಿಯ ಕ್ರಮವು ಹೀಗಿದೆ. ಕರ್ನಾಟಕದವರ ಅರ್ಜಿಗಳು ಚೆನ್ನೈಯ ಪೇಟೆಂಟು ಕಚೇರಿಗೆ ಸೇರತಕ್ಕವು. ಅಂತರ್ಜಾಲದ ಮೂಲಕವೂ ಸಲ್ಲಿಸಬಹುದು. ವಸ್ತುವಿನ ತಿರುಳು ಸಿದ್ಧವಾಗಿ, ವಿವರಗಳು ಇನ್ನೂ ಪಕ್ವವಾಗದಿದ್ದರೆ, ತಾತ್ಕಾಲಿಕ ವಿವರಣಪತ್ರವನ್ನು ಸಲ್ಲಿಸಿ ದಿನಾಂಕವನ್ನು ಭದ್ರಪಡಿಸಿಕೊಳ್ಳಬಹುದು. ಅಲ್ಲಿಂದ 12 ತಿಂಗಳೊಳಗೆ ಪೂರ್ಣ ವಿವರಣಪತ್ರವನ್ನು ಒಪ್ಪಿಸಬೇಕು. ಸಾಮಾನ್ಯವಾಗಿ 18 ತಿಂಗಳ ಬಳಿಕ ಕಚೇರಿಯು ಅದನ್ನು ಪ್ರಕಟಿಸುತ್ತದೆ. ಪರೀಕ್ಷೆಯು ತಾನಾಗಿ ನಡೆಯದು, ಬೇರೆಯೇ ಕೋರಬೇಕು. 2024ರ ಮಾರ್ಚ್ 15ರಿಂದ ಜಾರಿಗೆ ಬಂದ ನಿಯಮದಂತೆ, ಆ ಕೋರಿಕೆಗೆ ಮೊದಲ ದಿನಾಂಕದಿಂದ 31 ತಿಂಗಳ ಗಡುವು. ಕಚೇರಿಯ ಆಕ್ಷೇಪಗಳಿಗೆ ಸಮಾಧಾನ ಹೇಳಿದ ಮೇಲೆ ಹಕ್ಕು ದೊರೆಯುತ್ತದೆ. ಒಬ್ಬಂಟಿಗ ವ್ಯಕ್ತಿಯು ಅಂತರ್ಜಾಲದ ಮೂಲಕ ಸಲ್ಲಿಸುವ ಸಾಧಾರಣ ಅರ್ಜಿಗೆ 1,600 ರೂಪಾಯಿ, ಪರೀಕ್ಷೆಯ ಕೋರಿಕೆಗೆ 4,000 ರೂಪಾಯಿ ಸರ್ಕಾರದ ಶುಲ್ಕವೆಂದು ನಿಯಮಗಳಲ್ಲಿದೆ. ಹಕ್ಕು ಬಂದ ಮೇಲೆ ಮೂರನೆಯ ವರ್ಷದಿಂದ ಲೆಕ್ಕಹಾಕಿ ಹಂತಹಂತವಾಗಿ ಏರುವ ನವೀಕರಣದ ಶುಲ್ಕವನ್ನು ವರ್ಷವರ್ಷವೂ ಕಟ್ಟುತ್ತಿರಬೇಕು. ಕಟ್ಟದಿದ್ದರೆ ಹಕ್ಕು ಲಯವಾಗುತ್ತದೆ. ನೋಂದಾಯಿತ ಪೇಟೆಂಟು ಪ್ರತಿನಿಧಿಯ ಸಂಭಾವನೆ ಬೇರೆ. ಪೇಟೆಂಟು ದೇಶದೇಶಕ್ಕೂ ಪ್ರತ್ಯೇಕವೆಂಬುದನ್ನು ಮರೆಯಕೂಡದು. ಹೋವನು ಇಂಗ್ಲೆಂಡಿನ ಹಕ್ಕನ್ನು ಬೇರೆಯೇ ಮಾರಿದುದು ಅದರಿಂದಲೇ. ಪರದೇಶದಲ್ಲಿಯೂ ಹಕ್ಕು ಬೇಕಾದವರು, ಮೊದಲ ಅರ್ಜಿಯ ದಿನಾಂಕದ ಲಾಭವನ್ನು ಉಳಿಸಿಕೊಳ್ಳಲು, 12 ತಿಂಗಳೊಳಗೆ ಅದಕ್ಕೆ ತೊಡಗಬೇಕು.

ವಿವರಣಪತ್ರದ ಕೊನೆಯಲ್ಲಿ ಬರುವ, ‘ಕ್ಲೇಮು’ ಎಂದು ಕರೆಯಲ್ಪಡುವ ಹಕ್ಕಿನ ವಾಕ್ಯಗಳೇ ಅದರ ಪ್ರಾಣ. ದಾನಶಾಸನದ ಚತುಸ್ಸೀಮೆಯೆಂದು ಹಿಂದೆ ಹೇಳಿದುದು ಇದನ್ನೇ. ಈ ಸೀಮೆಯನ್ನು ಗುರುತಿಸುವ ಕಲೆಯನ್ನು, ನ್ಯಾಯಶಾಸ್ತ್ರದ ಬಾಲಪಾಠವನ್ನು ಓದಿದವರು ಆಗಲೇ ಬಲ್ಲರು. ಗೋವಿನ ಲಕ್ಷಣವೇನು? ‘ಕೊಂಬುಳ್ಳದ್ದು’ ಎಂದರೆ ಎಮ್ಮೆಯೂ ಗೋವಾಗಿಬಿಡುತ್ತದೆ; ಇದು ಅತಿವ್ಯಾಪ್ತಿ. ‘ಕಪಿಲವರ್ಣದ್ದು’ ಎಂದರೆ ಬಿಳಿಯ ಹಸು ಹೊರಗೆ ಉಳಿಯುತ್ತದೆ, ಇದು ಅವ್ಯಾಪ್ತಿ. ‘ಒಂಟಿ ಗೊರಸುಳ್ಳದ್ದು’ ಎಂದರೆ ಯಾವ ಹಸುವಿಗೂ ಸಲ್ಲದು, ಇದು ಅಸಂಭವ. ‘ಗಂಗೆದೊಗಲುಳ್ಳದ್ದು’ ಎಂದರೆ ಮಾತ್ರ ಎಲ್ಲ ಗೋವುಗಳಿಗೂ ಸಂದು, ಉಳಿದವುಗಳಿಗೆ ಸಲ್ಲುವುದಿಲ್ಲ. ಹಕ್ಕಿನ ವಾಕ್ಯವನ್ನು ಇದೇ ಒರೆಗಲ್ಲಿಗೆ ಹಚ್ಚಬೇಕು. ಹೋವನು ‘ಯಂತ್ರದಿಂದ ಹೊಲಿಯುವುದು’ ಎಂದಷ್ಟೇ ಕೋರಿದ್ದರೆ, 1830ರಲ್ಲಿಯೇ ಫ್ರಾನ್ಸಿನ ಟಿಮೋನಿಯೆ ಎಂಬ ದರ್ಜಿಯು ಒಂದೇ ದಾರದಿಂದ ಸರಪಣಿಯಂತೆ ಹೊಲಿಯುವ ಯಂತ್ರಕ್ಕೆ ಪೇಟೆಂಟು ಪಡೆದಿದ್ದುದರಿಂದ, ಅತಿವ್ಯಾಪ್ತಿಯಾಗಿ ಬಿದ್ದುಹೋಗುತ್ತಿತ್ತು. ಬಟ್ಟೆಯನ್ನು ನಿಲುವಾಗಿ ತೂಗಹಾಕುವ ತನ್ನ ಯಂತ್ರದ ಆಕಾರವನ್ನೇ ಸೀಮೆಯಾಗಿ ಬರೆದಿದ್ದರೆ, ಬಟ್ಟೆಯನ್ನು ಮೇಜಿನ ಮೇಲೆ ಹಾಸಿ ಸೂಜಿಯನ್ನು ಮೇಲಿಂದ ಕೆಳಕ್ಕೆ ಚುಚ್ಚಿದ ಸಿಂಗರನು ಹೊರಗೆ ಉಳಿಯುತ್ತಿದ್ದನು. ಸೂಜಿಯ ಕುಣಿಕೆಯಲ್ಲಿ ಲಾಳಿಯು ಎರಡನೆಯ ದಾರವನ್ನು ಒಯ್ಯುವ ಆ ಕೂಡುಗೆಲಸವೇ ಹೋವನ ಹಕ್ಕಿನ ತಿರುಳಾಗಿದ್ದುದರಿಂದ, ನೋಟಕ್ಕೆ ಬೇರೆಯಾದ ಸಿಂಗರನ ಯಂತ್ರವೂ ಸೀಮೆಯೊಳಗೆ ಸಿಕ್ಕಿತು. ಯಂತ್ರವನ್ನು ಮಾಡಿದವನು, ಅದರ ಗಂಗೆದೊಗಲು ಯಾವುದೆಂದು ಒಂದು ವಾಕ್ಯದಲ್ಲಿ ಹೇಳುವುದನ್ನು ಅಭ್ಯಾಸಮಾಡಬೇಕು. ಭಾಷೆಯ ಶಿಕ್ಷಣವು ಯಂತ್ರಕ್ಕೆ ಬೇಡವೆನ್ನುವವರು ಇದನ್ನು ಯೋಚಿಸತಕ್ಕದ್ದು.

ಪೇಟೆಂಟು ದೊರೆತ ಮಾತ್ರಕ್ಕೆ ಅನ್ನ ದೊರೆಯದೆಂಬುದಕ್ಕೂ ಹೋವನೇ ಸಾಕ್ಷಿ. 1846ರ ಹಕ್ಕು ಅವನಿಗೆ ಹಣವನ್ನು ತಂದುದು 1854ರ ಬಳಿಕ. ಅಲ್ಲಿಯವರೆಗೆ ಅದು ಒತ್ತೆಯಂಗಡಿಯಲ್ಲಿಡಬಹುದಾದ ಕಾಗದವಾಗಿತ್ತು. ಆದ್ದರಿಂದ ಗೃಹಸ್ಥನು ಮನೆಯ ಒಡವೆಯನ್ನು ಮಾರಿ ಪೇಟೆಂಟಿಗೆ ಹೊರಡುವ ಮೊದಲು, ಈ ವಸ್ತುವನ್ನು ಯಾರು ಕೊಳ್ಳುವರು, ಎಷ್ಟು ಕೊಟ್ಟು ಕೊಳ್ಳುವರು, ಮಾಡುವುದಕ್ಕೆ ಎಷ್ಟು ತಗಲುವುದು ಎಂಬ ಮೂರು ಪ್ರಶ್ನೆಗಳಿಗೆ ತನ್ನೊಳಗೆ ಪ್ರಾಮಾಣಿಕವಾದ ಉತ್ತರವನ್ನು ಹೇಳಿಕೊಳ್ಳಬೇಕು.

ಹಕ್ಕೇ ಬೇಡವೆನ್ನುವ ಉದಾರಿಗಳೂ ಉಂಟು. ಆಚಾರ್ಯ ಜಗದೀಶಚಂದ್ರ ಬೋಸರು ವಿದ್ಯೆಯಿಂದ ಹಣ ಮಾಡಲೊಲ್ಲೆನೆಂಬ ಮನಸ್ಸಿನವರು. ಅವರ ವಿದ್ಯುದಲೆಯ ಶೋಧಕಕ್ಕೆ ಸ್ನೇಹಿತರ ಒತ್ತಾಯದಿಂದ ಅಮೇರಿಕದಲ್ಲಿ 1904ರ ಮಾರ್ಚ್ 29ರಂದು ಪೇಟೆಂಟು ದೊರೆತರೂ, ಅವರು ಅದರಿಂದ ಲಾಭ ಪಡೆಯಲಿಲ್ಲ. ಅಂಥ ಮನಸ್ಸುಳ್ಳವರು ಮಾಡಬೇಕಾದುದು ಒಂದೇ: ಕಂಡುದನ್ನು ಚಿತ್ರಸಹಿತವಾಗಿ, ದಿನಾಂಕದೊಡನೆ ಎಲ್ಲಿಯಾದರೂ ಪ್ರಕಟಿಸಿಬಿಡುವುದು. ಆಗ ಮತ್ತೊಬ್ಬನು ಅದಕ್ಕೆ ಹಕ್ಕನ್ನು ಹೂಡಲಾರನು. ವಿದ್ಯೆಯು ಸರ್ವರಿಗೂ ದಕ್ಕುತ್ತದೆ. ಹಕ್ಕನ್ನು ಕೋರುವವನೂ ದಾನ ಮಾಡುವವನೂ ಕಡೆಗೆ ಮಾಡುವುದು ಒಂದೇ ಕೆಲಸ, ಬರೆದು ತೆರೆದಿಡುವುದು. ಎರಡನ್ನೂ ಮಾಡದೆ ಮುಚ್ಚಿಟ್ಟವನು ಮಾತ್ರ ತಾನೂ ಉಣ್ಣದೆ, ಪರರಿಗೂ ಇಕ್ಕದೆ ಹೋಗುತ್ತಾನೆ.

ನಮ್ಮ ಕಮ್ಮಾರರಲ್ಲಿ, ನೇಕಾರರಲ್ಲಿ, ಅಡಿಗೆಯವರಲ್ಲಿ, ಬೇಸಾಯಗಾರರಲ್ಲಿ ಕೈಗೆ ಮಾತ್ರ ಗೊತ್ತಿದ್ದು ಕಾಗದಕ್ಕೆ ಬಾರದ ಉಪಾಯಗಳು ಅಸಂಖ್ಯಾತವಾಗಿವೆ. ಮನೆಯಲ್ಲಿ ಓದುಬರಹ ಬಲ್ಲವರೊಬ್ಬರು ಒಂದು ದಪ್ಪ ಪುಸ್ತಕವನ್ನು ಹೊಲಿದಿಟ್ಟುಕೊಂಡು, ಮನೆಮಂದಿಯ ಇಂಥ ಉಪಾಯಗಳನ್ನು ದಿನಾಂಕದೊಡನೆ ಬರೆಯುತ್ತ ಬರಲಿ: ತೊಂದರೆ ಏನು, ಹಿಂದಿನ ಸಾಧನ ಯಾವುದು, ಅದರ ದೋಷವೇನು, ಹೊಸದರ ಗಂಗೆದೊಗಲು ಯಾವುದು. ಹತ್ತರಲ್ಲಿ ಒಂಬತ್ತು ಹಳೆಯವೆಂದೇ ತಿಳಿದುಬರಬಹುದು. ಆದರೆ ಹತ್ತನೆಯದು ಬಂದ ದಿನ ಆ ಪುಸ್ತಕವು ಸಿದ್ಧವಾಗಿರುತ್ತದೆ.